ಖಾಸಗಿ ಮೂಲದ ಮಾದರಿ

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಲಿಫ್ಟ್ ಮೆಕ್ಯಾನಿಕ್ ತಾನು ಮದುವೆಯಾಗಲಿರುವ ನೀರು ಪರೀಕ್ಷಕಿಯ ಮನೆಯಲ್ಲಿ ಚಹಾ ಕುಡಿದು, ಲೋಟ ತೊಳೆದಿಟ್ಟು, ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ಮೂರನೇ ಮಹಡಿಯಿಂದ ಮೆಟ್ಟಿಲಿಳಿದು ಹೋದ. ಮೆಟ್ಟಿಲು ತಿರುಗುವ ಕಡೆ ಒಮ್ಮೆ ತಲೆಯೆತ್ತಿ ಮೇಲೆ ನೋಡುವುದು ಅವನ ರೂಢಿ. ಅವತ್ತು ನೋಡಲಿಲ್ಲ.

ನಡೆದದ್ದು ಇಷ್ಟೇ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿಕೊಂಡು ತಲೆ ಬಾಚಿಕೊಳ್ಳಲು ಹೋಗುತ್ತಿದ್ದರು. ನೀರು ಪರೀಕ್ಷಕಿ ಬಾಗಿಲಲ್ಲೇ ನಿಂತಳು. ಕೆಳಗೆ ಗೇಟು ಕಿರ್ರೆಂದಿತು. ಆಮೇಲೆ ಏನೂ ಕೇಳಿಸಲಿಲ್ಲ; ಕೇಳಿಸಬೇಕಾದದ್ದೂ ಏನೂ ಇರಲಿಲ್ಲ. ಆದರೆ ಅಷ್ಟರಲ್ಲಿ ತಲೆಯೊಳಗೆ ಹುಳ ಹೊಕ್ಕಾಗಿತ್ತು.

ಬಸ್ಸು ಮೊದಲನೇ ನಿಲ್ದಾಣ ದಾಟುವಾಗ, ಪಾಪ, ನೋಡಲು ಮರೆತಿರಬೇಕು ಎಂದುಕೊಂಡಳು. ಎರಡನೇ ನಿಲ್ದಾಣಕ್ಕೆ, ಎರಡು ವರ್ಷ ಮರೆಯದವನು ಇವತ್ತೇ ಯಾಕೆ ಮರೆತ ಎಂದಾಯಿತು. ಮೂರನೆಯದಕ್ಕೆ, ಅವನಿಗೆ ಮದುವೆ ಬೇಡವಾಗಿದೆ, ಹೇಳಲು ಬಾಯಿ ಬರುತ್ತಿಲ್ಲ ಎಂಬುದು ಸ್ಪಷ್ಟವಾಯಿತು. ಅವಳು ಕೆಲಸ ಮಾಡುವ ಪ್ರಯೋಗಾಲಯ ಇದ್ದದ್ದು ಏಳನೇ ನಿಲ್ದಾಣದಲ್ಲಿ. ಅವಳು ಬಸ್ಸಿಳಿಯುವಷ್ಟರಲ್ಲಿ ಅವನು ಬೇರೊಬ್ಬಳನ್ನು ಕಟ್ಟಿಕೊಂಡು ಎರಡು ಮಕ್ಕಳ ತಂದೆಯಾಗಿದ್ದ. ದೊಡ್ಡದು ಲೆಕ್ಕದಲ್ಲಿ ಜಾಣೆ.

ಅವಳಿಗೆ ಮೂವತ್ನಾಲ್ಕು, ಅವನಿಗೆ ಮೂವತ್ತೆಂಟು. ಪ್ರಯೋಗಾಲಯದ ಲಿಫ್ಟು ಎರಡು ವರ್ಷದ ಹಿಂದೆ ಮಹಡಿಗಳ ನಡುವೆ ನಿಂತುಹೋದಾಗ ಪರಿಚಯವಾದವರು. ಅವಳು ನೀರಿನ ಮಾದರಿಗಳ ಬಾಟ್ಲಿ ಹಿಡಿದು ಒಳಗಿದ್ದಳು. ಮೇಲಿನಿಂದ ಒಂದು ಗಂಡಸಿನ ದನಿ, "ಒಳಗೆ ಎಷ್ಟು ಜನ ಇದ್ದೀರಿ?" ಎಂದು ಕೇಳಿತ್ತು. "ಒಬ್ಬಳು, ಹತ್ತೊಂಬತ್ತು ಬಾಟ್ಲಿ" ಎಂದಿದ್ದಳು. ಅದಕ್ಕೆ ದನಿ, "ಖಾಲಿ ಬಾಟ್ಲಿನೋ, ಇನ್ನೂ ಇದ್ಯೋ?" ಎಂದಿತ್ತು. ಲಿಫ್ಟು ಸರಿಯಾಗುವವರೆಗಿನ ಆ ನಲವತ್ತು ನಿಮಿಷ ಅವಳು ಜೀವಮಾನದಲ್ಲೇ ಹೆಚ್ಚು ನಕ್ಕ ನಲವತ್ತು ನಿಮಿಷ. ಈಗ, ಆ ಮಂಗಳವಾರದಿಂದ ಹದಿನೆಂಟು ದಿನಕ್ಕೆ, ಒಂದು ಶನಿವಾರ ಹನ್ನೊಂದು ಗಂಟೆಗೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಬೇಕಿತ್ತು. ಹಿಂದೆ ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ಅವಳೇ ಮುಂದೂಡಿದ್ದಳು. ಇನ್ನೂ ಸರಿಯಾಗಿ ಯೋಚಿಸಬೇಕು ಎಂಬುದು ಎರಡೂ ಸಲದ ಕಾರಣ.

ಮಂಗಳವಾರ ಸಂಜೆ ಅವಳು ಅವನನ್ನು ನೇರವಾಗಿ ಕೇಳಿದಳು. "ನಾನು ನಿನಗೆ ಬೇಕು ತಾನೆ?" ಅವನು, "ಬೇಕು, ಯಾಕೆ?" ಎಂದ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷ ಗುರುವಾರ ಬೆಳಿಗ್ಗೆಯವರೆಗೆ, ಅಂದರೆ ಮೂವತ್ತಾರು ಗಂಟೆ ಉಳಿಯಿತು. ಗುರುವಾರ ಮತ್ತೆ ಕೇಳಿದಳು. ಅದೇ ಉತ್ತರ. ಈ ಸಲ ಹದಿನಾಲ್ಕು ಗಂಟೆ. ಮೂರನೇ ಸಲದ್ದು ಐದು ಗಂಟೆ, ನಾಲ್ಕನೆಯದು ಐವತ್ತು ನಿಮಿಷ. ಐದನೇ ಸಲ ಕೇಳಿ, ಬೇಕು ಎನ್ನಿಸಿಕೊಂಡು, ಫೋನು ಇಟ್ಟು ಹನ್ನೊಂದು ನಿಮಿಷಕ್ಕೆ ಎದೆ ಮತ್ತೆ ಡವಡವ ಎಂದಿತು. ವಿಜ್ಞಾನ ಓದಿದವಳಾದ್ದರಿಂದ ಇದನ್ನೆಲ್ಲ ಚೌಕುಳಿ ಹಾಳೆಯ ಮೇಲೆ ಗುರುತಿಸಿ ನೋಡಿದಳು. ರೇಖೆ ಬಹಳ ಸೊಗಸಾಗಿ ಇಳಿಯುತ್ತಿತ್ತು. ಹೀಗೇ ಹೋದರೆ ಅವನು ಉತ್ತರ ಹೇಳಿ ಮುಗಿಸುವ ಮೊದಲೇ ಅದರ ಗುಣ ಇಳಿದುಹೋಗುವ ದಿನ ದೂರವಿರಲಿಲ್ಲ.

ಮುಂದಿನ ಮಂಗಳವಾರ ಅವನು ಒಂದು ದಂತವೈದ್ಯರ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಬಿಚ್ಚಿಕೊಂಡು ಕೂತಿದ್ದ. ಅವಳು ಕೆಲಸ ಮುಗಿಸಿ ಅಲ್ಲಿಗೇ ಹೋದಳು.

"ನಿನಗೆ ಈ ಮದುವೆ ಬೇಡ ಅಂತ ಒಳಗೊಳಗೇ ಅನ್ನಿಸ್ತಿದ್ಯಾ?"

"ಇಲ್ಲ."

"ಯೋಚನೆ ಮಾಡಿ ಹೇಳು."

"ಮಾಡೇ ಹೇಳ್ದೆ."

"ಇಷ್ಟು ಬೇಗನಾ?"

ಅವನು ಸ್ಪ್ಯಾನರ್ ಕೆಳಗಿಟ್ಟ. "ನೋಡು ಡಾಕ್ಟ್ರೇ," ಎಂದ. ಅವಳು ಡಾಕ್ಟರಲ್ಲ, ಬಿಳಿ ಕೋಟು ನೋಡಿ ಇಟ್ಟ ಹೆಸರು. "ಬೇಗ ಹೇಳಿದ್ರೆ ಯೋಚಿಸಿಲ್ಲ ಅಂತೀಯ. ತಡ ಮಾಡಿದ್ರೆ ಯಾಕೆ ತಡ ಅಂತೀಯ. ಎಷ್ಟು ಸೆಕೆಂಡಿಗೆ ಹೇಳ್ಬೇಕು ಅಂತ ಒಂದು ಚೀಟಿಲಿ ಬರ್ಕೊಟ್ಬಿಡು, ಜೇಬಲ್ಲಿ ಇಟ್ಕೋತೀನಿ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಲ್ಕು ಸೆಕೆಂಡು ಸರಿಯೆನ್ನಿಸಿತು. ಹೇಳಲಿಲ್ಲ.

"ಈ ಗುಂಡಿ ನೋಡು," ಎಂದು ಅವನು ಬಿಚ್ಚಿಟ್ಟಿದ್ದ ಒಂದನ್ನು ಅಂಗೈಯಲ್ಲಿ ತೋರಿಸಿದ. "ಒಂದ್ಸಲ ಒತ್ತಿದ್ರೂ ಲಿಫ್ಟು ಬರುತ್ತೆ. ಇಪ್ಪತ್ತು ಸಲ ಒತ್ತಿದ್ರೂ ಅದೇ ಹೊತ್ತಿಗೇ ಬರುತ್ತೆ. ಆದ್ರೆ ಜನಕ್ಕೆ ತಡೆಯಲ್ಲ. ಹಲ್ಲು ನೋವು ಬೇರೆ. ಒತ್ತೀ ಒತ್ತೀ ಕೊನೆಗೆ ಗುಂಡಿ ಒಳಗೇ ಕೂತ್ಬಿಡುತ್ತೆ, ಆಮೇಲೆ ಯಾರು ಒತ್ತಿದ್ರೂ ಬರಲ್ಲ." ಗುಂಡಿಯನ್ನು ಡಬ್ಬಿಗೆ ಹಾಕಿದ. "ನಾನು ಹೇಳಿದ್ದನ್ನ ನಂಬೋಕೆ ಆಗಲ್ಲ ಅಂದ್ರೆ ಶನಿವಾರ ಸಹಿ ಹಾಕ್ಬೇಡ. ಬೇಜಾರಿಲ್ಲ." ಡಬ್ಬಿಯ ಮುಚ್ಚಳ ಹಾಕಿ, "ಅಲ್ಲ, ಬೇಜಾರಿದೆ. ಆದ್ರೂ ಹಾಕ್ಬೇಡ," ಎಂದ.

ಇದಾದ ಮೇಲೆ ಅವನನ್ನು ಕೇಳುವುದಂತೂ ಸಾಧ್ಯವಿರಲಿಲ್ಲ. ಕೇಳದೆ ತಿಳಿದುಕೊಳ್ಳುವ ಉಪಾಯವನ್ನು ಮಾತ್ರ ಅವಳು ಹಿಂದಿನ ಗುರುವಾರದಿಂದಲೇ ಶುರುಮಾಡಿದ್ದಳು.

ಪ್ರಯೋಗಾಲಯದ ಕಂದು ರಟ್ಟಿನ ಪುಸ್ತಕ ಒಂದನ್ನು ಮನೆಗೆ ತಂದು ಮೂರು ಕಾಲಂ ಎಳೆದಿದ್ದಳು. ಅವನು ಸಂದೇಶಕ್ಕೆ ತಡವಾಗಿ ಉತ್ತರಿಸಿದರೆ ಮೊದಲ ಕಾಲಂನಲ್ಲಿ ಒಂದು ಚುಕ್ಕೆ. ಒಂದೇ ಪದದಲ್ಲಿ ಉತ್ತರಿಸಿದರೆ ಎರಡನೆಯದರಲ್ಲಿ. ಮಾತಾಡುವಾಗ ಬೇರೆಲ್ಲೋ ನೋಡಿದರೆ ಮೂರನೆಯದರಲ್ಲಿ. ಯಾರ ಕಣ್ಣಿಗಾದರೂ ಬಿದ್ದೀತೆಂದು ಕಾಲಂಗಳಿಗೆ ಒಂದೊಂದು ಅಕ್ಷರ ಬಿಟ್ಟರೆ ಏನೂ ಬರೆಯಲಿಲ್ಲ. ತಲೆಬರಹಕ್ಕೆ ಕೈ ತನ್ನಷ್ಟಕ್ಕೇ, ಮನೆಗಳ ಬಾವಿ ನೀರಿಗೆ ಬರೆದ ಅಭ್ಯಾಸದಂತೆ, ಬರೆಯಿತು: ಮಾದರಿ, ಖಾಸಗಿ ಮೂಲ. ಇಪ್ಪತ್ತು ಚುಕ್ಕೆ ದಾಟಿದರೆ ಸಂಬಂಧ ಯೋಗ್ಯವಲ್ಲ ಎಂದು ಮಿತಿ ಹಾಕಿಕೊಂಡಳು. ಇಪ್ಪತ್ತೇ ಯಾಕೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಆರು ದಿನಕ್ಕೆ ಇಪ್ಪತ್ತೊಂಬತ್ತು ಚುಕ್ಕೆಯಾಯಿತು.

ಬೇರೆಯವಳಾಗಿದ್ದರೆ ಅಲ್ಲಿಗೆ ಅತ್ತು ಕರೆದು ಮುಗಿಸುತ್ತಿದ್ದಳು. ಆದರೆ ಹನ್ನೊಂದು ವರ್ಷದ ನೌಕರಿ ಸುಮ್ಮನೆ ಬಿಡುವುದಿಲ್ಲ. ಅವಳ ಪ್ರಯೋಗಾಲಯದಲ್ಲಿ ಊರಿನ ನಲ್ಲಿಗಳ ನೀರನ್ನು ಗಾಜಿನ ತಟ್ಟೆಗಳಿಗೆ ಹಾಕಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಎರಡು ದಿನ ಇಡುತ್ತಾರೆ. ನೀರಿನಲ್ಲಿ ಕ್ರಿಮಿ ಇದ್ದರೆ ತಟ್ಟೆಯಲ್ಲಿ ಚುಕ್ಕೆಗಳೇಳುತ್ತವೆ. ಪ್ರತಿ ಸಲವೂ ಒಂದು ತಟ್ಟೆಗೆ ಮಾತ್ರ ಕ್ರಿಮಿಯೆಲ್ಲ ಸಾಯುವಂತೆ ಕುದಿಸಿದ ನೀರು ಹಾಕುತ್ತಾರೆ. ಅದಕ್ಕೆ ಬ್ಲಾಂಕ್ ಎಂದು ಹೆಸರು. ಅದರಲ್ಲಿ ಏನೂ ಏಳಬಾರದು. ಬ್ಲಾಂಕ್ ಇಲ್ಲದ ಪರೀಕ್ಷೆ ಸಾಕ್ಷಿಯಿಲ್ಲದ ಪಂಚಾಯಿತಿಯಿದ್ದಂತೆ, ಯಾರೂ ಒಪ್ಪುವುದಿಲ್ಲ. ಹಾಗಾಗಿ ಅವಳಿಗೆ ಒಂದು ಬ್ಲಾಂಕ್ ಬೇಕಾಯಿತು. ಅಂದರೆ, ಯಾರ ಪ್ರೀತಿಯಲ್ಲಿ ಎಳ್ಳಷ್ಟೂ ಅನುಮಾನವಿಲ್ಲವೋ ಅಂಥ ಒಬ್ಬರು.

ಅಕ್ಕ.

ಅಮ್ಮ ತೀರಿಕೊಂಡಾಗ ಪರೀಕ್ಷಕಿಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಂದಿನಿಂದ ಸಾಕಿದವಳು. ಈಗಲೂ ಎಲ್ಲರೂ ಒಟ್ಟಿಗಿರುವ ಮನೆಯ ಮುಂಗೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಹೋಟೆಲುಗಳಿಗೆ ಕಿಟಕಿ ಪರದೆ ಹೊಲಿದುಕೊಡುತ್ತಾಳೆ. ಬುಧವಾರದಿಂದ ಸೋಮವಾರದವರೆಗೆ, ಎದುರು ಪುಟಕ್ಕೆ ಬ್ಲಾಂಕ್ ಎಂದು ತಲೆಬರಹ ಹಾಕಿ, ಅದೇ ಮೂರು ಕಾಲಂ, ಅದೇ ನಿಯಮ, ಅಕ್ಕನ ಮೇಲೆ ಪರೀಕ್ಷೆ ನಡೆಯಿತು. ಅಕ್ಕನಿಗೆ ಗೊತ್ತಾಗಲಿಲ್ಲ.

ನಲವತ್ತೊಂದು ಚುಕ್ಕೆ.

ಪರೀಕ್ಷಕಿ ಎರಡು ಸಲ ಕೂಡಿ ನೋಡಿದಳು. ಬ್ಲಾಂಕ್ ತಟ್ಟೆಯಲ್ಲಿ ಚುಕ್ಕೆ ಬಂದರೆ ಏನರ್ಥ ಎಂಬುದು ಆ ಪ್ರಯೋಗಾಲಯದಲ್ಲಿ ಗಾಜು ತೊಳೆಯುವವರಿಗೂ ಗೊತ್ತು. ಆದರೆ ತಲೆಗೆ ಹುಳ ಹೊಕ್ಕವರಿಗೆ ಗೊತ್ತಿರುವುದೇ ನೆನಪಾಗುವುದಿಲ್ಲ. ಅವಳಿಗೆ ಅನ್ನಿಸಿದ್ದು ಒಂದೇ: ಅಯ್ಯೋ, ಅಕ್ಕನೂ!

ಸೋಮವಾರ ಸಂಜೆ ಹೊಲಿಗೆ ಯಂತ್ರದ ಮುಂದೆ ಹೋಗಿ ನಿಂತಳು. "ಅಕ್ಕಾ, ನಿನಗೆ ನನ್ನ ಕಂಡ್ರೆ ಆಗಲ್ವಾ?"

"ಊಂ," ಎಂದಳು ಅಕ್ಕ.

ಮೂಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಭಾವ ಪುಟ ತಿರುಗಿಸಿದ. ಅಕ್ಕ ಬಾಯಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಪರದೆಗೆ ಚುಚ್ಚಿ, ಆಮೇಲೆ ತಲೆಯೆತ್ತಿದಳು. "ಏನೋ ಕೇಳ್ದೆಯಲ್ಲ, ಏನು?"

"ಆರು ದಿನದಲ್ಲಿ ನೀನು ನನ್ನ ಮುಖ ನೋಡದೆ ಮಾತಾಡಿದ್ದು ಹದಿನೆಂಟು ಸಲ. ಒಂದೇ ಪದ ಹೇಳಿ ಸುಮ್ಮನಾಗಿದ್ದು ಹದಿನೈದು. ಫೋನಿಗೆ ತಡವಾಗಿ ಉತ್ತರ ಕೊಟ್ಟಿದ್ದು ಎಂಟು."

ಅಕ್ಕ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸೂಜಿ ಬಿಟ್ಟು ನಿನ್ನ ಮುಖ ನೋಡ್ಕೊಂಡು ಹೊಲಿದ್ರೆ ಹೋಗೋದು ಯಾರ ಬೆರಳೇ, ಪುಟ್ಟಿ?"

"ಹಾಗಾದ್ರೆ ಇಷ್ಟ ಇದೆ ಅಂತ ಹೇಳು."

"ಇಲ್ಲ. ನೀನು ಒಂಬತ್ತು ವರ್ಷದವಳಿದ್ದಾಗಿಂದ ಇಷ್ಟ ಇಲ್ಲ. ಆ ಪರದೆ ತುದಿ ಹಿಡ್ಕೊ, ನೆಲಕ್ಕೆ ತಾಗ್ತಿದೆ."

ಪರೀಕ್ಷಕಿ ತುದಿ ಹಿಡಿದುಕೊಂಡಳು. ಅಷ್ಟಕ್ಕೆ ಬಿಡದೆ, "ಭಾವಾ, ಅಕ್ಕನಿಗೆ ನೀವಂದ್ರೆ ಇಷ್ಟಾನಾ?" ಎಂದು ಕೇಳಿದಳು.

ಭಾವ ಪೇಪರಿನ ಹಿಂದಿನಿಂದ, "ಕೇಳಿಲ್ಲ," ಎಂದ.

"ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ?"

"ಸಂದರ್ಭ ಬರ್ಲಿಲ್ಲ."

"ಈಗ ಬಂದಿದೆ, ಕೇಳಿ," ಎಂದಳು ಅಕ್ಕ. ಭಾವ ಕ್ರೀಡಾ ಪುಟಕ್ಕೆ ಹೋದ. ಅಕ್ಕ ಯಂತ್ರದ ಗಾಲಿ ತಿರುಗಿಸುತ್ತ ಹೇಳಿದಳು. "ಕಾಮಾಲೆ ಕಣ್ಣಿನವರಿಗೆ ಕಂಡದ್ದೆಲ್ಲ ಹಳದಿ. ನಿನ್ನ ಲಿಫ್ಟಿನವನ ತಲೆ ತಿಂದಿದ್ದು ಸಾಲ್ದು ಅಂತ ಈಗ ನನ್ನ ಹತ್ರ ಬಂದಿದ್ದೀಯ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಆ ಗಾದೆ ಮಾಡಿದೋರು ನಿನ್ನ ನೋಡೇ ಮಾಡಿರ್ಬೇಕು."

ಅವತ್ತು ಪರೀಕ್ಷಕಿ ಇಬ್ಬರ ವಿಷಯದಲ್ಲೂ ಚಿಂತಿಸಿದಳು, ಹೊತ್ತು ಹಂಚಿಕೊಂಡು.

ಮಂಗಳವಾರ ಪ್ರಯೋಗಾಲಯದ ಮುಖ್ಯಸ್ಥೆ ಎಲ್ಲರ ಪುಸ್ತಕ ತಿದ್ದುವ ದಿನ. ಅವರನ್ನು ದೊಡ್ಡ ಮೇಡಂ ಎನ್ನುತ್ತಾರೆ. ನಿವೃತ್ತಿಗೆ ಒಂದು ವರ್ಷ ಬಾಕಿ. ಕನ್ನಡಕ ದಾರದಲ್ಲಿ ಕೊರಳಿಗೆ, ಕೆಂಪು ಪೆನ್ನು ಕಿವಿಯ ಮೇಲೆ. ಕಂದು ರಟ್ಟಿನ ಪುಸ್ತಕಗಳೆಲ್ಲ ನೋಡಲು ಒಂದೇ. ಪರೀಕ್ಷಕಿ ಅವತ್ತು ಕೆಲಸದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಚೀಲದಲ್ಲಿದ್ದ ಚುಕ್ಕೆಗಳ ಪುಸ್ತಕವನ್ನು ಮೇಡಂ ಮೇಜಿನ ಮೇಲಿಟ್ಟಿದ್ದಳು. ಗೊತ್ತಾದದ್ದು ಹನ್ನೆರಡು ಗಂಟೆಗೆ, ಒಳಗಿನಿಂದ ಕರೆ ಬಂದಾಗ.

ಪುಸ್ತಕ ತೆರೆದಿತ್ತು. ಎರಡು ಪುಟದ ಮೇಲೂ ಅಡ್ಡಲಾಗಿ ಒಂದು ಕೆಂಪು ಗೆರೆ. ಕೆಳಗೆ, ದುಂಡಗಿನ ಅಕ್ಷರದಲ್ಲಿ: ಬ್ಲಾಂಕ್‌ನಲ್ಲಿ ಬೆಳವಣಿಗೆ ಇದೆ. ಎಲ್ಲ ಫಲಿತಾಂಶ ಅಮಾನ್ಯ. ಅದರ ಕೆಳಗೆ ರುಜು, ದಿನಾಂಕ.

"ಇದೇನಿದು?" ಎಂದರು ದೊಡ್ಡ ಮೇಡಂ.

ಪರೀಕ್ಷಕಿ ಪುಸ್ತಕಕ್ಕೆ ಕೈ ಚಾಚಿದಳು; ಮೇಡಂ ಬಿಡಲಿಲ್ಲ.

"ಮಾದರಿಯಲ್ಲಿ ಇಪ್ಪತ್ತೊಂಬತ್ತು. ಬ್ಲಾಂಕ್‌ನಲ್ಲಿ ನಲವತ್ತೊಂದು. ಬ್ಲಾಂಕೇ ಜಾಸ್ತಿ! ಹನ್ನೊಂದು ವರ್ಷ ಆಯ್ತು ನೀನು ಬಂದು. ಇಷ್ಟಾದ್ಮೇಲೂ ಪಕ್ಕದಲ್ಲಿ ಏನು ಬರ್ದಿದ್ದೀಯ? 'ಮೂಲ ಯೋಗ್ಯವಲ್ಲ, ನಿಲ್ಲಿಸುವುದು.' ಯಾವ ಧೈರ್ಯದ ಮೇಲೆ ಬರ್ದೆ?"

"ಮಿತಿ ಇಪ್ಪತ್ತು ಇತ್ತು, ಮೇಡಂ."

"ಯಾರು ಹಾಕಿದ ಮಿತಿ?"

"ನಾನೇ."

ದೊಡ್ಡ ಮೇಡಂ ಕನ್ನಡಕ ಏರಿಸಿಕೊಂಡು ಪುಟವನ್ನು ಇನ್ನೊಮ್ಮೆ ನೋಡಿದರು. "ಬ್ಲಾಂಕ್‌ಗೆ ಎಲ್ಲಿಯ ನೀರು ಹಾಕಿದ್ದೆ?"

"ಮನೇದು. ಅದರಲ್ಲಿ ಏನೂ ಇಲ್ಲ ಅಂತ ನನಗೆ ಗ್ಯಾರಂಟಿ ಇತ್ತು."

"ಹಾಗಾದ್ರೆ ಇಷ್ಟೊಂದು ಎಲ್ಲಿಂದ ಬಂತು? ನಿನ್ನ ಕೈಯಿಂದ ಬಂತು. ನೀರಲ್ಲಿ ಇದ್ದದ್ದಲ್ಲ ಇದು, ನೋಡೋರು ತಂದು ಹಾಕಿದ್ದು." ಕೆಂಪು ಪೆನ್ನಿನಿಂದ ಪುಟವನ್ನು ಕುಟ್ಟಿದರು. "ಗಳಿಗೆಗೊಂದ್ಸಲ ಮುಚ್ಚಳ ತೆಗೆದು ನೋಡಿದ್ಯಾ?"

"ನೋಡ್ದೆ."

"ಅದೇ ಮತ್ತೆ."

ಪರೀಕ್ಷಕಿ ಮೊದಲ ಪುಟದ ಮೇಲೆ ಬೆರಳಿಟ್ಟಳು. "ಅಂದ್ರೆ ಮೇಡಂ, ಮಾದರಿ ಚೆನ್ನಾಗಿದೆ ಅಂತ ಅರ್ಥಾನಾ?"

"ಅದನ್ನೂ ಹೇಳೋ ಹಾಗಿಲ್ಲ. ಅಮಾನ್ಯ ಅಂದ್ರೆ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಗೊತ್ತಿಲ್ಲ, ಅಷ್ಟೆ. ಎಷ್ಟು ಸಲ ನೀನೇ ಜನಕ್ಕೆ ಹೇಳಿದ್ದೀಯ ಇದನ್ನ."

"ಗೊತ್ತಾಗೋವರೆಗೆ ಏನು ಮಾಡೋದು?"

"ಇದೆಷ್ಟು ವರ್ಷದ ಮೂಲ?"

"ಎರಡು ವರ್ಷದ್ದು."

"ಕುಡಿದವರಿಗೆ ಏನಾದ್ರೂ ಆಗಿದ್ಯಾ?"

ಪರೀಕ್ಷಕಿ ಯೋಚಿಸಿದಳು. ಎರಡು ವರ್ಷದಲ್ಲಿ ಒಂದು ಸಲ ಮೋಟಾರು ಬೈಕಿನ ಹಿಂದೆ ಕೂತು ನೆನೆದು ಜ್ವರ ಬಂದಿತ್ತು. ಅದನ್ನು ಹೊರತುಪಡಿಸಿದರೆ ಮೈ ತುಂಬಿಕೊಂಡಿದ್ದಳು. "ಇಲ್ಲ," ಎಂದಳು.

"ಹಾಗಾದ್ರೆ ಕುಡೀತಾ ಇರ್ಲಿ. ನೀನು ಪರೀಕ್ಷೆ ನಿಲ್ಸು. ಹೋಗಿ ಕೈ ತೊಳ್ಕೊ."

ದೊಡ್ಡ ಮೇಡಂಗೆ ಅದು ಯಾವ ನೀರೆಂದು ಗೊತ್ತಾಗಿತ್ತೋ ಇಲ್ಲವೋ ಹೇಳುವುದು ಕಷ್ಟ. ಮುಖ ನೋಡಿ ಏನನ್ನೂ ತಿಳಿಯಲಾಗದ ಹೆಂಗಸು. ಪುಸ್ತಕವನ್ನಂತೂ ಹಿಂದಿರುಗಿಸಲಿಲ್ಲ, ಅಮಾನ್ಯವಾದ ದಾಖಲೆಗಳ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪರೀಕ್ಷಕಿ ತೊಟ್ಟಿಗೆ ಹೋಗಿ ಎರಡು ನಿಮಿಷ, ಮೊಣಕೈಯವರೆಗೆ ಸೋಪು ಹಾಕಿ ಕೈ ತೊಳೆದುಕೊಂಡಳು. ಈ ಕೊಳೆ ಕೈಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ತೊಳೆದುಕೊಂಡಳು. ಹೇಳಿದ್ದನ್ನು ಮಾಡುವ ನೌಕರಿ.

ಬುಧವಾರ ಒಂದು ಹೊಸ ಉಪಾಯ ಹಿಡಿದಳು. ಯೋಚನೆ ಬಂದ ಕೂಡಲೇ ಅದರ ಮೇಲೆ ಕೆಂಪು ಗೆರೆ ಎಳೆದು ಅಮಾನ್ಯ ಎಂದುಕೊಳ್ಳುವುದು. ಇವತ್ತು ಚಹಾ ಅರ್ಧ ಬಿಟ್ಟನಲ್ಲ? ಅಮಾನ್ಯ. ಅಕ್ಕನ ಜೊತೆ ನಗುತ್ತಿದ್ದವನು ನಾನು ಬಂದಾಗ ನಿಲ್ಲಿಸಿದನಲ್ಲ? ಅಮಾನ್ಯ. ಬಹಳ ಹಿತವೆನ್ನಿಸಿತು. ಸಂಜೆಯ ಹೊತ್ತಿಗೆ, ಇವತ್ತು ಎಷ್ಟು ಸಲ ಅಮಾನ್ಯ ಎಂದೆ ಎಂದು ಎಣಿಸುತ್ತ ಕೂತಿದ್ದಳು. ಅರವತ್ತೆರಡು. ನಿನ್ನೆಯದಕ್ಕೆ ಹೋಲಿಸಲು ನಿನ್ನೆಯ ಅಂಕಿಯಿಲ್ಲವಲ್ಲ ಎಂದು ಪೇಚಾಡಿಕೊಂಡಳು. ಆಗ ತಾನೇ ಮತ್ತೆ ಮುಚ್ಚಳ ತೆಗೆದು ನೋಡುತ್ತಿರುವುದು ಅರಿವಾಯಿತು. ದೆವ್ವ ಬಿಡಿಸಲು ಕರೆತಂದವನಿಗೇ ದೆವ್ವ ಹಿಡಿದ ಹಾಗಾಗಿತ್ತು.

ಗುರುವಾರ ಯಾವ ಉಪಾಯವನ್ನೂ ಮಾಡಲಿಲ್ಲ. ಉಪಾಯ ಮಾಡದಿರುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಹತ್ತೂವರೆಗೆ ಯೋಚನೆ ಬಂತು. ಅವಳು ನೀರು ಅಳೆಯುವ ಗಾಜಿನ ಪಿಪೆಟ್ಟುಗಳನ್ನು ತೊಳೆಯುತ್ತಿದ್ದಳು, ತೊಳೆಯುತ್ತಲೇ ಇದ್ದಳು. ಫೋನು ಕೋಟಿನ ಜೇಬಿನಲ್ಲಿ ಕಾದ ಕಲ್ಲಿನ ಹಾಗಿತ್ತು. ಒಂದು ಸಲ ತೆಗೆದು, "ಒಂದು ಮಾತು ಕೇಳಲಾ" ಎಂದು ಬರೆದೂ ಬಿಟ್ಟಳು. ಆಮೇಲೆ ಒಂದೊಂದೇ ಅಕ್ಷರ ಅಳಿಸಿದಳು. ಯೋಚನೆ ಹೋಗಲಿಲ್ಲ. ಕರೆಯದೆ ಬಂದ ನೆಂಟರ ಹಾಗೆ ಕಾಲು ಚಾಚಿ ಕೂತಿತ್ತು. ಅವಳು ಅದಕ್ಕೆ ನೀರು ಕೊಡಲಿಲ್ಲ, ಎದ್ದು ಹೋಗೆಂದೂ ಹೇಳಲಿಲ್ಲ. ಇಪ್ಪತ್ತನೇ ಪಿಪೆಟ್ಟಿಗೆ ಬರುವ ಹೊತ್ತಿಗೆ ಬ್ರಷ್ಷಿನ ಕೂದಲು ಸವೆದಿದೆ, ಹೊಸದು ತರಿಸಬೇಕು ಎಂದುಕೊಂಡಳು. ಯೋಚನೆ ಯಾವಾಗ ಎದ್ದು ಹೋಯಿತೋ ಗಮನಿಸಿರಲಿಲ್ಲ. ಅರ್ಧ ಗಂಟೆಯಲ್ಲಿ ವಾಪಸ್ಸು ಬಂತು, ಅದು ಬೇರೆ ಮಾತು.

ಶುಕ್ರವಾರವೂ ಬಂತು. ಶನಿವಾರ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಕೂತಿತ್ತು.

ರಿಜಿಸ್ಟ್ರಾರ್ ಕಚೇರಿಯ ಆರನೇ ನಂಬರಿನ ಕೋಣೆಯಲ್ಲಿ ಮೂರು ಬೀರು, ಒಂದು ಫ್ಯಾನು, ಒಬ್ಬ ಗುಮಾಸ್ತ. ಅಕ್ಕ, ಭಾವ ಸಾಕ್ಷಿಗೆ ಬಂದಿದ್ದರು. ಮೆಕ್ಯಾನಿಕ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋಡೆಗೆ ಒರಗದೆ ನಿಂತಿದ್ದ. ಅವಳ ಕಡೆ ನೋಡಿದ. ಬಂದೆಯಾ ಎಂದೂ ಕೇಳಲಿಲ್ಲ. ಗುಮಾಸ್ತ ಕಡತ ಬಿಡಿಸಿ, ತಲೆಯೆತ್ತದೆ ಪಾಠ ಒಪ್ಪಿಸುವವನ ಹಾಗೆ ಕೇಳಿದ. "ಇಬ್ಬರೂ ಸ್ವಂತ ಇಚ್ಛೆಯಿಂದ ಸಹಿ ಹಾಕ್ತಿದ್ದೀರಾ?"

"ಹೌದು," ಎಂದ ಮೆಕ್ಯಾನಿಕ್.

"ನೀವಮ್ಮ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ತಪ್ಪು ಅಂಕಿ ಬರೆದು ಅಭ್ಯಾಸವಿಲ್ಲದವಳು. "ಇಚ್ಛೆ ಇದೆ," ಎಂದಳು. "ಖಾತ್ರಿ ಇಲ್ಲ."

ಫ್ಯಾನು ತಿರುಗುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಗುಮಾಸ್ತ ಮೊದಲ ಸಲ ತಲೆಯೆತ್ತಿದ. "ಯಾವುದರ ಖಾತ್ರಿ?"

"ಮುಂದೆ ಎಲ್ಲಾ ಸರಿ ಇರುತ್ತೆ ಅಂತ. ಇವರಿಗೆ ಯಾವತ್ತೂ ನಾನು ಬೇಡ ಅನ್ನಿಸಲ್ಲ ಅಂತ."

ಗುಮಾಸ್ತ ಅರ್ಜಿಯ ಈ ಪುಟ ನೋಡಿದ, ಆ ಪುಟ ನೋಡಿದ, ಹಿಂಬದಿಯನ್ನೂ ತಿರುಗಿಸಿ ನೋಡಿದ. "ಅಮ್ಮಾ, ಇಚ್ಛೆಗೆ ಕಾಲಂ ಇದೆ. ಖಾತ್ರಿಗೆ ಇಲ್ಲ. ಇಪ್ಪತ್ತಾರು ವರ್ಷದಿಂದ ಇದೇ ಫಾರಂ. ಯಾರೂ ಕೇಳಿರ್ಲಿಲ್ಲ." ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದ. "ಇಚ್ಛೆ ಇದ್ರೆ ಇಲ್ಲಿ ಹಾಕಿ. ಇಲ್ದಿದ್ರೆ ಹಿಂದಿನವರಿಗೆ ಜಾಗ ಬಿಡಿ."

ಅವಳು ಮೆಕ್ಯಾನಿಕ್‌ನ ಕಡೆ ತಿರುಗಿದಳು. ಪ್ರಶ್ನೆ ತುಟಿಯವರೆಗೆ ಬಂದಿತ್ತು. ಅವನು ಅದಕ್ಕಾಗಿ ಕಾಯುತ್ತಿದ್ದ, ಏಟಿಗೆ ಕಾಯುವವರು ನಿಲ್ಲುತ್ತಾರಲ್ಲ, ಹಾಗೆ. ಅವಳು ಪೆನ್ನು ತೆಗೆದುಕೊಂಡಳು. ತಲೆಯಲ್ಲಿ ಹುಳ ಗುಂಯ್‌ಗುಡುತ್ತಲೇ ಇತ್ತು, ಸಹಿ ಸ್ವಲ್ಪ ಸೊಟ್ಟಗೆ ಬಂತು. ಆದರೆ ಪೂರ್ತಿ ಬಂತು.

ಹೊರಗೆ ಪಡಸಾಲೆಯಲ್ಲಿ ಮೆಕ್ಯಾನಿಕ್ ಬೆಂಚಿನ ಮೇಲೆ ಕುಸಿದು ಕೂತ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. "ಎರಡು ದಿನದಿಂದ ಊಟ ಸೇರಿಲ್ಲ," ಎಂದ. "ನೀನು ಬರಲ್ಲ ಅಂತಾನೇ ಅಂದ್ಕೊಂಡಿದ್ದೆ. ನಿನ್ನೆ ಒಂದೇ ಲಿಫ್ಟನ್ನ ಮೂರು ಸಲ ಬಿಚ್ಚಿ ಜೋಡಿಸ್ದೆ. ಅದಕ್ಕೇನೂ ಆಗಿರ್ಲಿಲ್ಲ."

ಅವಳು ಅವನನ್ನೇ ನೋಡಿದಳು. ಇಷ್ಟು ದಿನ ಅವನ ಮುಖವನ್ನು ಅಂಕಿಅಂಶಕ್ಕಾಗಿ ನೋಡಿದ್ದಳೇ ಹೊರತು, ಅದರ ಹಿಂದೆಯೂ ಒಂದು ತಲೆಯಿದೆ, ಅದರಲ್ಲೂ ಏನಾದರೂ ಓಡುತ್ತಿರಬಹುದು ಎಂಬುದು ಹೊಳೆದಿರಲಿಲ್ಲ. ಊಟ ಸೇರದಿದ್ದದ್ದು ಭಯಕ್ಕೋ, ಬೇಸರಕ್ಕೋ ಎಂದು ಹುಳ ಆಗಲೇ ಕೇಳಲು ಶುರುಮಾಡಿತ್ತು. ಅದು ಕೇಳಿಕೊಳ್ಳಲಿ ಎಂದು ಬಿಟ್ಟಳು.

ಎದುರಿಗೆ ಕಚೇರಿಯ ಕ್ಯಾಂಟೀನು ತೆರೆದಿತ್ತು. ಅಕ್ಕ, ಭಾವ ಆಗಲೇ ಒಳಗೆ ಹೋಗಿ ಕುರ್ಚಿ ಹಿಡಿದಿದ್ದರು.

"ಏನು ತಿಂತೀಯ?" ಎಂದು ಕೇಳಿದಳು.

ಅವನು ಬಾಗಿಲ ಪಕ್ಕದ ಕಪ್ಪು ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದ. ಕೆಳಗಿನಿಂದ ಮೇಲೆ ಇನ್ನೊಮ್ಮೆ ಓದತೊಡಗಿದ. ಉತ್ತರ ತಡವಾಗುವಂತೆ ಕಂಡಿತು. ಅವಳು ಅವನ ಪಕ್ಕದಲ್ಲಿ ಕೂತು, ಚಪ್ಪಲಿ ಕಳಚಿ, ಕಾಲು ಚಾಚಿಕೊಂಡಳು.